ಮುಳ್ಳುತಂತಿಯ ಸಿಮೆಂಟ್ ಕಂಬಕ್ಕೇ ಮರದ ಬೇಲಿ ಕೂರಿಸಬಹುದಾ?

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಮನೆ ಮುಂದಿನ ಹೂತೋಟಕ್ಕೆ ಕೆಲವು ವರ್ಷದ ಹಿಂದೆ ಸಿಮೆಂಟ್ ಕಂಬ ನೆಟ್ಟು ಮುಳ್ಳುತಂತಿ ಎಳೆಸಿದ್ದೆವು. 8 ಅಡಿಗೊಂದರಂತೆ ಒಟ್ಟು 13 ಕಂಬ ಇವೆ. ಒಂದೊಂದೂ 4 ಇಂಚು ಚೌಕ, ನೆಲದ ಮೇಲೆ 5 ಅಡಿ. ಈಗ ತಂತಿ ತುಕ್ಕು ಹಿಡಿದು ಜೋತುಬಿದ್ದಿದೆ. ದನಗಳು ಕತ್ತು ತೂರಿಸಿ ಗಿಡ ತಿನ್ನುತ್ತವೆ. ರಸ್ತೆಗೆ ಮನೆಯೆಲ್ಲ ಕಾಣುತ್ತದೆ. ಅದೇ ಕಂಬಕ್ಕೆ ಮರದ ಬೇಲಿ ಮಾಡಿಸುವ ಆಸೆ. ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಹೊಡೆದರೆ ಸಾಕು ಅಂತ ಬಡಗಿ ಹೇಳುತ್ತಾರೆ. ಕಂಬ ಕಿತ್ತು ಕಬ್ಬಿಣದ್ದು ಹಾಕಿ ಅಂತ ಮೇಸ್ತ್ರಿ ಹೇಳುತ್ತಾರೆ. ಯಾರ ಮಾತು ಕೇಳಬೇಕು? ಯಾವ ಮರ ಒಳ್ಳೆಯದು? ಒಂದು ಸಣ್ಣ ಗೇಟನ್ನೂ ಇದೇ ಕಂಬಕ್ಕೆ ಕೂರಿಸಬಹುದಾ?

ಉತ್ತರ: ಕಂಬ ಗಟ್ಟಿಯಾಗಿದ್ದರೆ ಕೀಳುವ ಅಗತ್ಯ ಇಲ್ಲ. ಆದರೆ ತೂತು ಹೊಡೆದು ಪ್ಲಗ್ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಕಬ್ಬಿಣದ ಪಟ್ಟಿಯಿಂದ ಕಂಬವನ್ನು ತಬ್ಬಿ ಹಿಡಿದು, ಆ ಕ್ಲಾಂಪಿಗೆ ಮರ ಕೂರಿಸಿ.

ಯಾಕೆ ಅಂದರೆ, ಸಿಮೆಂಟ್ ಕಂಬ ನಿಮ್ಮ ಮಕ್ಕಳ ಕಾಲಕ್ಕೂ ನಿಂತಿರಬಹುದು. ಮಲೆನಾಡಿನ ಮಳೆಯಲ್ಲಿ ಮರ ಅಷ್ಟು ದಿನ ಬರುವುದಿಲ್ಲ. ಎಂಥ ಮರ ತಂದರೂ ಒಂದಲ್ಲ ಒಂದು ದಿನ ಹಲಗೆ ಬದಲಿಸಬೇಕು. ಆ ದಿನ ಒಂದು ಸ್ಪ್ಯಾನರ್ ಹಿಡಿದು ಬಿಚ್ಚಲು ಬರಬೇಕು, ಕಂಬಕ್ಕೆ ಏನೂ ಆಗಿರಬಾರದು. ಹಾಕುವ ದಿನವೇ ಬಿಚ್ಚುವ ದಿನದ ಯೋಚನೆ ಇರಬೇಕು. ಮುಂದೆ ಹೇಳುವುದೆಲ್ಲ ಇದೇ ಲೆಕ್ಕದ ಮೇಲೆ.

ಮೊದಲು ಕಂಬ ನೋಡೋಣ. ಮುಳ್ಳುತಂತಿಗೆ ಗಾಳಿ ತಾಕುವುದೇ ಇಲ್ಲ ಅನ್ನಬಹುದು. ಹಲಗೆ ಹೊಡೆದ ಕೂಡಲೇ ಅದೇ ಕಂಬ ಇದುವರೆಗೆ ಕಾಣದ ಬಲವನ್ನು ತಡೆಯಬೇಕಾಗುತ್ತದೆ. ಎಷ್ಟು ಬಲ ಅಂತ ಲೆಕ್ಕ ಹಾಕುವುದು ಕಷ್ಟ ಅಲ್ಲ. ಕಟ್ಟಡಗಳ ಮೇಲಿನ ಗಾಳಿಗೆ ನಮ್ಮಲ್ಲಿ ಐಎಸ್ 875 ಎಂಬ ಮಾನಕದ ಮೂರನೇ ಭಾಗ ಇದೆ. ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ತಗೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿ. ಚದರ ಮೀಟರಿಗೆ ಇಷ್ಟು ನ್ಯೂಟನ್ ಅಂತ ಒತ್ತಡ ಸಿಗುತ್ತದೆ. ಗಂಟೆಗೆ 72 ಕಿಲೋಮೀಟರ್ ಬೀಸುವ ಗಾಳಿ ಅಂದರೆ ಸೆಕೆಂಡಿಗೆ 20 ಮೀಟರ್. ಒತ್ತಡ 240 ನ್ಯೂಟನ್ ಬಂತು. ಎರಡು ಕಂಬದ ನಡುವಿನ ನಿಮ್ಮ ಒಂದು ಅಂಕಣ 8 ಅಡಿ ಉದ್ದ, 5 ಅಡಿ ಎತ್ತರ. ಅದು ಸುಮಾರು 3.7 ಚದರ ಮೀಟರ್. ಸಂದಿ ಬಿಡದೆ ಹಲಗೆ ಹೊಡೆದರೆ ಒಂದೊಂದು ಕಂಬದ ಮೇಲೂ ಹತ್ತಿರ ಹತ್ತಿರ 90 ಕೆಜಿ ತೂಕದಷ್ಟು ತಳ್ಳು ಬೀಳುತ್ತದೆ. ಬೇಲಿಯ ಹಿಂಬದಿಯಲ್ಲಿ ಗಾಳಿ ಎಳೆಯುವುದೂ ಸೇರಿದರೆ ಇನ್ನೂ ಜಾಸ್ತಿ. 72 ಕಿಲೋಮೀಟರ್ ಅನ್ನುವುದು ವಿಪರೀತದ ಲೆಕ್ಕವೂ ಅಲ್ಲ. ಅದೇ ಮಾನಕದಲ್ಲಿ ಕಟ್ಟಡ ವಿನ್ಯಾಸಕ್ಕೆ ಹಿಡಿಯುವ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್.

ಇದಕ್ಕೇ ನಾನು ಸಂದಿ ಇಲ್ಲದ ಬೇಲಿ ಬೇಡ ಅನ್ನುವುದು. 3 ಇಂಚಿನ ಹಲಗೆ, 1 ಇಂಚು ಸಂದಿ ಅಂತ ಇಟ್ಟುಕೊಂಡರೆ ಗಾಳಿ ತಾಕುವ ಜಾಗ ಕಾಲು ಭಾಗ ಕಡಿಮೆಯಾಗುತ್ತದೆ. ಮರವೂ ಅಷ್ಟು ಕಡಿಮೆ ಸಾಕು. ಅಷ್ಟು ಸಂದಿಯಲ್ಲಿ ದನದ ಮೂತಿ ತೂರುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಒಳಗಿನದು ಸ್ಪಷ್ಟವಾಗಿ ಕಾಣುವುದೂ ಇಲ್ಲ. ಪೂರ್ತಿ ಮರೆ ಬೇಕೇ ಬೇಕು ಅಂದರೆ ಅಡ್ಡಪಟ್ಟಿಯ ಮುಂದೆ ಒಂದು ಹಲಗೆ, ಹಿಂದೆ ಒಂದು ಹಲಗೆ, ಹೀಗೆ ಬಿಟ್ಟು ಬಿಟ್ಟು ಹೊಡೆಸಬಹುದು. ಕಣ್ಣಿಗೆ ಮರೆ, ಗಾಳಿಗೆ ದಾರಿ. ಆದರೆ ಮರ ಜಾಸ್ತಿ ಹೋಗುತ್ತದೆ, ಭಾರವೂ ಏರುತ್ತದೆ. ನಿಮ್ಮ 4 ಇಂಚಿನ ಕಂಬಕ್ಕೆ ಸಂದಿ ಬಿಟ್ಟ ಬೇಲಿಯೇ ಸರಿ.

ಕಂಬದ ಬುಡ ತಡೆಯುತ್ತದಾ ಅಂತ ಹೀಗೆ ನೋಡಿ. ಹಿಂದಿನ ದಿನ ಬುಡಕ್ಕೆ ಎರಡು-ಮೂರು ಕೊಡ ನೀರು ಸುರಿಯಿರಿ. ಬೇಸಿಗೆಯ ಗಟ್ಟಿ ಮಣ್ಣಿನಲ್ಲಿ ಎಲ್ಲ ಕಂಬವೂ ಭದ್ರವಾಗಿಯೇ ಕಾಣುತ್ತದೆ. ಪರೀಕ್ಷೆ ಆಗಬೇಕಾದ್ದು ಆಷಾಢದ ಮಣ್ಣಿನಲ್ಲಿ. ಮಾರನೇ ದಿನ ಇಬ್ಬರು ದೊಡ್ಡವರು ಸೇರಿ ಎದೆಮಟ್ಟದಲ್ಲಿ ಕಂಬವನ್ನು ತಳ್ಳಿ. ಕುಲುಕಬೇಡಿ, ಮೆಲ್ಲಗೆ ಭಾರ ಕೊಟ್ಟು ಒರಗಿ. ಮೇಲೆ ಹೇಳಿದ ಗಾಳಿಯ ಬಲ ಸುಮಾರು ಇಷ್ಟೇ ಇರುತ್ತದೆ. ಬಿಟ್ಟ ಮೇಲೆ ಕಂಬ ಮೊದಲಿನ ಜಾಗಕ್ಕೆ ಬಂದರೆ ಒಳ್ಳೆಯದು. ಬುಡದಲ್ಲಿ ಮಣ್ಣು ಬಾಯಿ ಬಿಟ್ಟು ಕಂಬ ವಾಲಿಯೇ ನಿಂತರೆ ಅದನ್ನು ಭದ್ರ ಮಾಡಬೇಕು. ಸುತ್ತ ಒಂದು ಅಡಿ ಅಗಲ, ಒಂದೂವರೆಯಿಂದ ಎರಡು ಅಡಿ ಆಳ ಮಣ್ಣು ತೆಗೆಸಿ. ತೂಗುಗುಂಡು ಹಿಡಿದು ಕಂಬ ನೆಟ್ಟಗೆ ಮಾಡಿ, ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟ್ ತುಂಬಿಸಿ. ಮೇಲ್ಭಾಗ ನೆಲಕ್ಕಿಂತ ಸ್ವಲ್ಪ ಎತ್ತರ ಬರಲಿ, ಕಂಬದಿಂದ ಹೊರಗೆ ಇಳಿಜಾರಾಗಿರಲಿ. ಬುಡದಲ್ಲಿ ನೀರು ನಿಲ್ಲಬಾರದು. ವಾರವಿಡೀ ನೀರು ಹಾಕಿ ನೆನೆಸಿ, ಆಮೇಲೆ ಭಾರ ಕೊಡಿ. ಸಾಮಾನ್ಯವಾಗಿ ಮೂಲೆಯ ಕಂಬ ಮತ್ತು ತುದಿಯ ಕಂಬಗಳಿಗೇ ಇದು ಬೇಕಾಗುವುದು.

ಆಮೇಲೆ ಬಿರುಕು ನೋಡಿ. ಅಡ್ಡಡ್ಡ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಕಂಬದ ಮೂಲೆಗುಂಟ ಉದ್ದುದ್ದಕ್ಕೆ ಬಿರುಕು ಓಡಿ, ಅದರಲ್ಲಿ ಕಂದು ಕಲೆ ಇಳಿದಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ ಅಂತ ಅರ್ಥ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಂಬ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಪೊಳ್ಳು ಸದ್ದು ಬರುತ್ತದೆ. ಅಂಥ ಕಂಬಕ್ಕೆ ಮಾತ್ರ ನಿಮ್ಮ ಮೇಸ್ತ್ರಿಯ ಸಲಹೆ ಸರಿ. ಅದೊಂದನ್ನು ಬದಲಿಸಿ, ಉಳಿದವನ್ನು ಮುಟ್ಟಬೇಡಿ.

ಈಗ ಪ್ಲಗ್ ಯಾಕೆ ಬೇಡ ಅನ್ನುವುದಕ್ಕೆ ಬರುತ್ತೇನೆ. ಗೋಡೆಗೆ ಫೋಟೋ ತಗಲಿಸುವಾಗ ಪ್ಲಗ್ ಚೆನ್ನಾಗಿಯೇ ಹಿಡಿಯುತ್ತದೆ. ಅಲ್ಲಿ ಭಾರ ಕೆಳಕ್ಕೆ, ಅಲುಗಾಟ ಇಲ್ಲ. ಬೇಲಿಯಲ್ಲಿ ಹಾಗಲ್ಲ. ಗಾಳಿ ಒಮ್ಮೆ ತಳ್ಳುತ್ತದೆ, ಒಮ್ಮೆ ಎಳೆಯುತ್ತದೆ. ದನ ಮೈ ಉಜ್ಜುತ್ತದೆ. ಮಳೆಗೆ ಮರ ಊದುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಸ್ಕ್ರೂ ಅಲ್ಲಾಡಿ ಅಲ್ಲಾಡಿ ಪ್ಲಾಸ್ಟಿಕ್ ಸವೆಯುತ್ತದೆ. ಪ್ಲಗ್ ಬದಲು ಹಿಗ್ಗಿ ಕಚ್ಚುವ ಆಂಕರ್ ಬೋಲ್ಟ್ ಹಾಕೋಣ ಅಂತ ಯಾರಾದರೂ ಹೇಳಿದರೆ ಅದು ಇನ್ನೂ ಅಪಾಯ. ಆ ಬೋಲ್ಟ್ ಹಿಡಿಯುವುದೇ ಸುತ್ತಲಿನ ಕಾಂಕ್ರೀಟನ್ನು ಹೊರಕ್ಕೆ ಒತ್ತಿ. 4 ಇಂಚಿನ ಕಂಬದಲ್ಲಿ ಸರಿಯಾಗಿ ನಡುವೆ ಹೊಡೆದರೂ ಅಂಚಿಗೆ ಇರುವುದು ಬರೀ 2 ಇಂಚು. ಬಿಗಿ ಮಾಡುತ್ತಿದ್ದ ಹಾಗೇ ಕಂಬ ಸೀಳಿಬಿಡಬಹುದು.

ಇನ್ನೊಂದು ವಿಷಯ ತುಂಬ ಜನರ ಗಮನಕ್ಕೆ ಬರುವುದಿಲ್ಲ. ಕಂಬದ ತಲೆಯನ್ನು ಮೇಲಿನಿಂದ ನೋಡಿ. ಮೂಲೆಗಳ ಹತ್ತಿರ ತೆಳ್ಳಗಿನ ತಂತಿಯ ಕತ್ತರಿಸಿದ ತುದಿಗಳು ಚುಕ್ಕೆಯಂತೆ ಕಂಡರೆ ಅದು ಬಹುಮಟ್ಟಿಗೆ ಎಳೆತದ ತಂತಿಯ ಕಂಬ. ಗಟ್ಟಿ ಉಕ್ಕಿನ ತಂತಿಗಳನ್ನು ಬಲವಾಗಿ ಎಳೆದು ಹಿಡಿದು, ಮೇಲೆ ಕಾಂಕ್ರೀಟ್ ಸುರಿದು ಮಾಡುವಂಥದ್ದು. ಅದರ ಶಕ್ತಿಯೆಲ್ಲ ಆ ನಾಲ್ಕಾರು ತಂತಿಯಲ್ಲೇ ಇರುತ್ತದೆ. ಡ್ರಿಲ್ ಒಂದಕ್ಕೆ ತಗುಲಿ ಕಡಿದರೂ ಆ ಜಾಗದಲ್ಲಿ ಕಂಬ ದುರ್ಬಲವಾಗುತ್ತದೆ. ಅಚ್ಚಿನಲ್ಲಿ ಸಾದಾ ಕಂಬಿ ಇಟ್ಟು ಮಾಡಿದ ಕಂಬವಾದರೂ ತೂತಿನೊಳಗೆ ಮಳೆನೀರು ಇಳಿದು ಕಂಬಿ ತಲುಪಿದರೆ ತುಕ್ಕು ಶುರು. ಒಂದು ಕಂಬಕ್ಕೆ ಮೂರು ಅಡ್ಡಪಟ್ಟಿ, ಒಂದೊಂದಕ್ಕೆ ಎರಡೆರಡು ತೂತು ಅಂದರೆ 13 ಕಂಬಕ್ಕೆ 78 ತೂತಾಯಿತು. ಕ್ಲಾಂಪ್ ಹಾಕಿದರೆ ಒಂದು ತೂತೂ ಬೇಕಿಲ್ಲ ಅಲ್ವಾ?

ಕ್ಲಾಂಪ್ ಮಾಡಿಸುವುದು ಹೀಗೆ. 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ತಗೊಳ್ಳಿ. ವೆಲ್ಡಿಂಗ್ ಶಾಪಿನಲ್ಲಿ ಫ್ಲ್ಯಾಟ್ ಅಂತ ಕೇಳಿದರೆ ಕೊಡುತ್ತಾರೆ. ಅದನ್ನು ಸುಮಾರು 170 ಮಿಲಿಮೀಟರ್ ಉದ್ದದ ತುಂಡು ಮಾಡಿಸಿ, ಎರಡೂ ತುದಿಯ ಹತ್ತಿರ 12 ಮಿಲಿಮೀಟರಿನ ಒಂದೊಂದು ತೂತು ಹಾಕಿಸಿ. ತೂತಿನ ನಡುವಿನಿಂದ ತೂತಿನ ನಡುವಿಗೆ ಇರುವ ದೂರ ನಿಮ್ಮ ಕಂಬದ ಅಗಲಕ್ಕಿಂತ 15 ಮಿಲಿಮೀಟರ್ ಜಾಸ್ತಿ ಇರಲಿ. ಈ ಪಟ್ಟಿ ಕಂಬದ ಹಿಂದೆ, ಅಂದರೆ ತೋಟದ ಕಡೆ ಬರುತ್ತದೆ. ಅಡ್ಡಪಟ್ಟಿಯ ಮರ ಕಂಬದ ಮುಂದೆ, ರಸ್ತೆ ಕಡೆ ಬರುತ್ತದೆ. 10 ಮಿಲಿಮೀಟರಿನ ಎರಡು ಉದ್ದ ಬೋಲ್ಟ್ ಮುಂದಿನಿಂದ ಮರದ ಮೂಲಕ ತೂರಿ, ಕಂಬದ ಎಡಕ್ಕೊಂದು ಬಲಕ್ಕೊಂದು ಹಾದು, ಹಿಂದಿನ ಪಟ್ಟಿಯ ತೂತಿನಿಂದ ಹೊರಗೆ ಬರುತ್ತವೆ. ಹಿಂದೆ ಸ್ಪ್ರಿಂಗ್ ವಾಷರ್ ಇಟ್ಟು ನಟ್ ಬಿಗಿ ಮಾಡಿದರೆ ಮುಂದೆ ಮರ, ಹಿಂದೆ ಕಬ್ಬಿಣ, ನಡುವೆ ಕಂಬ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಎಡಗಡೆಯ ಅಂಕಣದ ಅಡ್ಡಪಟ್ಟಿಯ ತುದಿಗೆ ಒಂದು ಬೋಲ್ಟ್, ಬಲಗಡೆಯದಕ್ಕೆ ಒಂದು. ಎರಡು ಅಡ್ಡಪಟ್ಟಿಯ ತುದಿಗಳು ಕಂಬದ ನಡುವಿಗೆ ಸೇರುತ್ತವೆ. ಅವುಗಳ ಮಧ್ಯೆ 5-6 ಮಿಲಿಮೀಟರ್ ಸಂದಿ ಬಿಡಿ. ಬೋಲ್ಟ್ ಪಟ್ಟಿಯ ತುದಿಯಿಂದ 2 ಇಂಚು ಒಳಗೆ ಬರುತ್ತದೆ, ಆದ್ದರಿಂದ ಮರ ಸೀಳುವುದಿಲ್ಲ. ಸಾಲಿನ ಕೊನೆಯ ಕಂಬದಲ್ಲಿ ಪಟ್ಟಿ ಒಂದೇ ಕಡೆ ಇರುತ್ತದೆ. ಅಲ್ಲಿ ಪಟ್ಟಿಯನ್ನು ಕಂಬ ದಾಟಿಸಿ ಒಂದಿಷ್ಟು ಮುಂದಕ್ಕೆ ತನ್ನಿ, ಎರಡು ಬೋಲ್ಟೂ ಅದಕ್ಕೇ ಸಿಗುತ್ತದೆ.

ಇಷ್ಟು ಉದ್ದದ ಬೋಲ್ಟ್ ಸಿಗದಿದ್ದರೆ 10 ಮಿಲಿಮೀಟರಿನ ಥ್ರೆಡ್ ರಾಡ್ ತಂದು ಅಳತೆಗೆ ಕತ್ತರಿಸಿ, ಎರಡೂ ಕಡೆ ವಾಷರ್, ನಟ್ ಹಾಕಿ. ಮುಂದಿನ ನಟ್ ಮರದೊಳಗೆ ಕೂರುವಷ್ಟು ಸಣ್ಣ ಗುಳಿ ತೋಡಿಸಿ, ಮೇಲೆ ಹಲಗೆ ಸಮನಾಗಿ ಕೂರುತ್ತದೆ. ಬಿಚ್ಚುವ ನಟ್ ತೋಟದ ಕಡೆ ಇರುವುದರಿಂದ ರಸ್ತೆಯಿಂದ ಯಾರೂ ಬಿಚ್ಚಲು ಆಗುವುದಿಲ್ಲ. ಮರ ಹೊರಗಡೆ ಇರುವುದಕ್ಕೆ ಇನ್ನೊಂದು ಲಾಭವೂ ಇದೆ. ದನ ಒರಗಿದರೆ ಪಟ್ಟಿ ಕಂಬದ ಮೇಲೇ ಒತ್ತುತ್ತದೆ, ಬೋಲ್ಟಿಗೆ ಎಳೆತ ಬೀಳುವುದಿಲ್ಲ.

ಆರ್ಡರ್ ಕೊಡುವ ಮುಂಚೆ ಪ್ರತಿ ಕಂಬವನ್ನೂ ಮೂರು ಎತ್ತರದಲ್ಲಿ ಅಳೆಯಿರಿ. ಅಚ್ಚಿನ ಕಂಬಗಳು ಎಷ್ಟೋ ಸಲ ಮೇಲೆ ಸಪೂರ, ಕೆಳಗೆ ದಪ್ಪ ಇರುತ್ತವೆ. ಅಗಲದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ ಕೆಳಗಿನ ಸಾಲಿಗೆ ಬೇರೆ ಅಳತೆಯ ಪಟ್ಟಿ ಮಾಡಿಸಬೇಕು. ತಂತಿ ಕಟ್ಟಲು ಕಂಬದಲ್ಲೇ ಬಿಟ್ಟ ತೂತುಗಳಿದ್ದರೆ ಅದನ್ನೂ ಬಳಸಿಕೊಳ್ಳಿ. ಕ್ಲಾಂಪಿನ ಸ್ವಲ್ಪ ಕೆಳಗೆ ಬರುವ ತೂತಿನಲ್ಲಿ ಒಂದು ತುಂಡು ಸರಳು ತೂರಿಸಿಟ್ಟರೆ ಕ್ಲಾಂಪ್ ಜಾರುವ ಭಯ ಇಲ್ಲ. ಮೂಲೆ ಕಂಬದಲ್ಲಿ ಎರಡು ದಿಕ್ಕಿನ ಬೋಲ್ಟ್ ಒಂದಕ್ಕೊಂದು ತಾಗದ ಹಾಗೆ ಒಂದು ಕಡೆಯ ಕ್ಲಾಂಪನ್ನು 2 ಇಂಚು ಕೆಳಗೆ ಹಾಕಿ.

ಕಬ್ಬಿಣಕ್ಕೆ ಏನು ಲೇಪ ಅನ್ನುವುದರಲ್ಲಿ ಉಳಿತಾಯ ಮಾಡಬೇಡಿ. ಅಂಗಡಿಯಲ್ಲಿ ಸಿಗುವ ಹೊಳೆಯುವ ಬೋಲ್ಟಿನ ಮೇಲೆ ಇರುವ ಸತುವಿನ ಪದರ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ ಅಷ್ಟೇ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಹಾಟ್ ಡಿಪ್ ಮಾಡಿದ ಕಬ್ಬಿಣದ ಮೇಲೆ 50 ಮೈಕ್ರಾನಿಗೂ ಮೇಲೆ ಇರುತ್ತದೆ. ಪದರ ಎಷ್ಟು ದಪ್ಪವೋ ಬಾಳಿಕೆಯೂ ಅಷ್ಟು. ಪಟ್ಟಿ ಕತ್ತರಿಸಿ, ತೂತು ಹಾಕಿದ ಮೇಲೆಯೇ ಲೇಪ ಮಾಡಿಸಬೇಕು. ಅದು ಆಗದಿದ್ದರೆ ಜಿಂಕ್ ಪ್ರೈಮರ್ ಹಚ್ಚಿ ಮೇಲೆ ಎರಡು ಕೋಟ್ ಎನಾಮಲ್ ಬಳಿಸಿ, ತೂತಿನ ಒಳಗೂ ಬ್ರಷ್ ಆಡಿಸಿ. ಬೋಲ್ಟ್ ಮತ್ತು ಹಲಗೆಯ ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಇರಲಿ. 304 ಗ್ರೇಡ್ ನಿಮಗೆ ಸಾಕು. ಇದೇ ಬೇಲಿಯನ್ನು ಹೊನ್ನಾವರ, ಕುಂದಾಪುರದ ಸಮುದ್ರದ ಪಕ್ಕ ಮಾಡುವವರಿಗೆ 316 ಬೇಕು. ಸ್ಟೇನ್‌ಲೆಸ್ ನಟ್ ಹಾಕುವಾಗ ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಸವರಿ. ಇಲ್ಲದಿದ್ದರೆ ಕಚ್ಚಿಕೊಂಡು ಮತ್ತೆ ಬಿಚ್ಚಲು ಬರುವುದಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಮರ ಕಾಂಕ್ರೀಟಿಗೆ ನೇರವಾಗಿ ತಾಗಬಾರದು. ಬೇಲಿ ಹಾಳಾಗುವುದು ಹಲಗೆಯ ನಡುವೆ ಅಲ್ಲ, ಕಂಬದ ಹತ್ತಿರ. ಕಾಂಕ್ರೀಟ್ ಮಳೆನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಅಂಟಿದ ಮರದ ಬೆನ್ನಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಎಲೆ, ಕಸ, ಪಾಚಿ ಅಲ್ಲೇ ಸೇರುತ್ತವೆ. ಜೊತೆಗೆ ಪಟ್ಟಿಯ ಕತ್ತರಿಸಿದ ತುದಿ ಇರುವುದೂ ಅಲ್ಲೇ. ಮರ ಬದಿಯಿಂದ ಹೀರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರನ್ನು ಕತ್ತರಿಸಿದ ತುದಿಯಿಂದ ಹೀರುತ್ತದೆ. ಮರ ಬದುಕಿದ್ದಾಗ ನೀರು ಏರುತ್ತಿದ್ದ ಕೊಳವೆಗಳ ಬಾಯಿ ಅದು. ಮರದಲ್ಲಿ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಶಿಲೀಂಧ್ರ ಬೆಳೆದು ಕೊಳೆಯಲು ಶುರುವಾಗುತ್ತದೆ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಮೂಲೆಗಳು ಒಣಗುವುದೇ ಇಲ್ಲ.

ಪರಿಹಾರ ದುಬಾರಿ ಅಲ್ಲ. ಹಳೆ ಟೈರ್ ಕತ್ತರಿಸಿ 8-10 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿಸಿ. ಅದನ್ನು ಅಡ್ಡಪಟ್ಟಿ ಮತ್ತು ಕಂಬದ ನಡುವೆ ಇಡಿ. ಬಿಲ್ಲೆ ಪಟ್ಟಿಯ ಎತ್ತರಕ್ಕಿಂತ ಚಿಕ್ಕದಿರಲಿ, ಮೇಲೆ ನೀರು ಕೂರಲು ತಟ್ಟೆಯಂತೆ ಆಗಬಾರದು. ಈಗ ಮರದ ಹಿಂದೆ ಗಾಳಿ ಆಡುತ್ತದೆ, ಕಸ ಕೆಳಗೆ ಬೀಳುತ್ತದೆ. ರಬ್ಬರ್ ಕಾಂಕ್ರೀಟನ್ನು ಚೆನ್ನಾಗಿ ಕಚ್ಚಿ ಹಿಡಿಯುವುದರಿಂದ ಕ್ಲಾಂಪ್ ಇನ್ನೂ ಭದ್ರವಾಗುತ್ತದೆ. ಹಿಂದಿನ ಕಬ್ಬಿಣದ ಪಟ್ಟಿಯ ಕೆಳಗೂ ಒಂದು ತುಂಡು ಟ್ಯೂಬ್ ಇಟ್ಟರೆ ಲೇಪ ಉಜ್ಜಿ ಹೋಗುವುದಿಲ್ಲ. ಕಂಬಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಅದನ್ನು ಸರಿದೂಗಿಸಲೂ ಇದೇ ದಾರಿ. ದಾರ ಕಟ್ಟಿ ನೋಡಿ, ಹಿಂದೆ ಸರಿದ ಕಂಬಕ್ಕೆ ದಪ್ಪ ಬಿಲ್ಲೆ, ಮುಂದೆ ಬಂದ ಕಂಬಕ್ಕೆ ತೆಳ್ಳಗಿನದು. ಇನ್ನು ಕತ್ತರಿಸಿದ ತುದಿ ಮತ್ತು ಬೋಲ್ಟಿನ ತೂತಿನ ಒಳಭಾಗಕ್ಕೆ ಜೋಡಿಸುವ ಮುಂಚೆಯೇ ಎಣ್ಣೆ ಅಥವಾ ಪ್ರೈಮರ್ ಎರಡು-ಮೂರು ಸಲ ಕುಡಿಸಿ. ಜೋಡಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಬಡಗಿಗಳು ಅವಸರದಲ್ಲಿ ಬಿಡುವುದು ಇದನ್ನೇ, ಆದ್ದರಿಂದ ಪಕ್ಕದಲ್ಲಿ ನಿಂತು ಮಾಡಿಸಿ.

ಮರ ಯಾವುದು? ಜಾತಿಗಿಂತ ಮೊದಲು ಚೇಗು, ಅಂದರೆ ಮರದ ಒಳಗಿನ ಬಣ್ಣದ ಭಾಗ, ಎಷ್ಟಿದೆ ನೋಡಿ. ಸಾಗುವಾನಿ ಅಂತ ಕೊಟ್ಟರೂ ಹೊರಗಿನ ಬಿಳಿ ಭಾಗವೇ ಜಾಸ್ತಿ ಇದ್ದರೆ ಗೆದ್ದಲಿಗೆ ಅದು ಬೇರೆ ಯಾವ ಮರಕ್ಕಿಂತಲೂ ಕಡಿಮೆ ರುಚಿ ಅಲ್ಲ. ತಾಳಿಕೆ ಇರುವುದು ಒಳಗಿನ ಬಣ್ಣದ ಭಾಗಕ್ಕೆ. ದುಡ್ಡಿಗೆ ತೊಂದರೆ ಇಲ್ಲ ಅಂದರೆ ಸಾಗುವಾನಿ, ಹೊನ್ನೆ ಎರಡೂ ಒಳ್ಳೆಯವು. ಮತ್ತಿ ಗಟ್ಟಿ, ಆದರೆ ಭಾರ, ಒಣಗುವಾಗ ಸೀಳುತ್ತದೆ. ನಿಮ್ಮ ಭಾಗದಲ್ಲಿ ಸುಲಭವಾಗಿ ಸಿಗುವುದು ಅಕೇಶಿಯಾ. ಬಲಿತ ಮರದ ಚೇಗು ಸಿಕ್ಕರೆ ಬೇಲಿಗೆ ಸಾಕಷ್ಟು ಬಾಳುತ್ತದೆ. ಎಳೆ ಮರ ಬೇಡ, ತಿರುಚಿಕೊಳ್ಳುತ್ತದೆ. ಸಿಲ್ವರ್ ಓಕ್ ಅಗ್ಗ, ನೇರ, ನೋಡಲೂ ಚೆನ್ನ. ಆದರೆ ಮಳೆಯಲ್ಲಿ ಬರಿಮೈಯಲ್ಲಿ ನಿಲ್ಲುವ ಮರ ಅದಲ್ಲ. ನೀಲಗಿರಿ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಹೊರದೇಶದ ಪೈನ್ ಹಾಕುವುದಾದರೆ ಒತ್ತಡದಲ್ಲಿ ರಾಸಾಯನಿಕ ಏರಿಸಿದ್ದನ್ನು ಮಾತ್ರ ತಗೊಳ್ಳಿ. ಅದರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರಬಹುದು. ಕೊಯ್ದ ಚೂರನ್ನು ಒಲೆಗೆ ಹಾಕಬೇಡಿ, ಬಾವಿ ಪಕ್ಕ ಬಿಸಾಡಬೇಡಿ. ಕೊಟ್ಟ ಮರ ಯಾವುದು ಅಂತಲೇ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ತುಂಡು ಕೊಟ್ಟರೆ ಜಾತಿ ಗುರುತಿಸಿ ಹೇಳುವ ವ್ಯವಸ್ಥೆ ಅಲ್ಲಿದೆ.

ಅಡಿಕೆ ದಬ್ಬೆಯನ್ನು, ಅಂದರೆ ಅಡಿಕೆ ಮರದ ಸೀಳನ್ನು, ಮರೆಯಬೇಡಿ. ಮೂರು ಅಡ್ಡಪಟ್ಟಿ ಒಳ್ಳೆ ಮರದಲ್ಲಿ ಕೂರಿಸಿ, ಮುಖಕ್ಕೆ ಮಾತ್ರ ಚೆನ್ನಾಗಿ ಬಲಿತ, ಒಳಗಿನ ಮೆದು ತೆಗೆದ ದಬ್ಬೆ ಹೊಡೆಸಿದರೆ ಖರ್ಚು ತುಂಬ ಇಳಿಯುತ್ತದೆ. ಕೆಲವು ವರ್ಷಕ್ಕೆ ದಬ್ಬೆ ಬದಲಿಸಬೇಕಾಗುತ್ತದೆ, ಆದರೆ ಅದು ನಿಮ್ಮ ಭಾಗದಲ್ಲೇ ಸಿಗುತ್ತದೆ. ನನ್ನನ್ನು ಕೇಳಿದರೆ ಮಲೆನಾಡಿನ ಹೂತೋಟಕ್ಕೆ ಇದಕ್ಕಿಂತ ಒಪ್ಪುವ ಬೇಲಿ ಇಲ್ಲ.

ಹಲಗೆಯ ಅಳತೆ ಹೀಗಿರಲಿ. ಅಡ್ಡಪಟ್ಟಿ 3 ಇಂಚಿಗೆ 2 ಇಂಚು, 3 ಇಂಚಿನ ಮುಖ ಕಂಬದ ಕಡೆ. ನಿಲುವು ಹಲಗೆ ಮುಕ್ಕಾಲು ಇಂಚು ದಪ್ಪ. 5 ಅಡಿ ಎತ್ತರಕ್ಕೆ ಎರಡು ಪಟ್ಟಿ ಸಾಕು ಅನ್ನುವವರಿದ್ದಾರೆ. ನಮ್ಮ ಮಳೆ-ಬಿಸಿಲಿಗೆ ಹಲಗೆ ತಿರುಚದಿರಬೇಕು ಅಂದರೆ ಮೂರು ಬೇಕು. ಇಷ್ಟಕ್ಕೆ ಒಂದು ಅಂಕಣದ ಮರ ಒಣಗಿದ್ದಾಗ ಸುಮಾರು 50 ಕೆಜಿ ತೂಗುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮೂರು ಕ್ಲಾಂಪಿಗೆ ಅದು ಹೊರೆಯಲ್ಲ. ಅಂಕಣಗಳ ಉದ್ದ ಒಂದೇ ಸಮ ಇರುತ್ತದೆ ಅಂತ ನಂಬಿ ಎಲ್ಲ ಪಟ್ಟಿಯನ್ನೂ ಒಟ್ಟಿಗೆ ಕತ್ತರಿಸಬೇಡಿ. ಒಂದೊಂದನ್ನೂ ಅಳೆದೇ ಕತ್ತರಿಸಿ. ಗಟ್ಟಿ ಮರಕ್ಕೆ ಸ್ಕ್ರೂ ಹಾಕುವ ಮುಂಚೆ ಸಣ್ಣ ಬಿಟ್ಟಿನಲ್ಲಿ ತೂತು ಹಾಕಲೇಬೇಕು. ಸಾದಾ ಕಬ್ಬಿಣದ ಮೊಳೆ ಬೇಡ. ಸಾಗುವಾನಿ, ಅಕೇಶಿಯಾಗಳ ಒಗರು ರಸ ಕಬ್ಬಿಣದ ಜೊತೆ ಸೇರಿ ಮೊಳೆಯ ಕೆಳಗೆ ಕಪ್ಪು ಗೆರೆ ಇಳಿಯುತ್ತದೆ. ಹಲಗೆಯ ತಲೆಯನ್ನು ಓರೆಯಾಗಿ ಕತ್ತರಿಸಿ, ನೀರು ಜಾರಿಹೋಗಲಿ.

ಹಲಗೆಯ ಬುಡ ನೆಲದಿಂದ 6 ಇಂಚು ಮೇಲಿರಲಿ. ಮಳೆ ಹನಿ ನೆಲಕ್ಕೆ ಬಡಿದು ಸಿಡಿಯುವ ಕೆಸರು ತಾಗುವುದು ಅಲ್ಲಿಗೇ, ಗೆದ್ದಲು ಏರುವುದೂ ಅಲ್ಲಿಂದಲೇ. ಕೆಳಗಿನ ಸಂದಿಯಲ್ಲಿ ನಾಯಿ, ಕೋಳಿ ನುಗ್ಗುತ್ತವೆ ಅಂದರೆ ಮರ ಇಳಿಸಬೇಡಿ. ಒಂದು ಸಾಲು ಜಂಬಿಟ್ಟಿಗೆ ಕಲ್ಲು ಇಡಿ, ಮರಕ್ಕೂ ಕಲ್ಲಿಗೂ ಒಂದೆರಡು ಇಂಚು ಅಂತರ ಇರಲಿ. ಗೆದ್ದಲಿನ ಮಣ್ಣಿನ ದಾರಿ ಕಂಬದ ಮೇಲೆ ಏರಿದರೆ ಎದ್ದು ಕಾಣುತ್ತದೆ. ಆಗಾಗ ನೋಡಿ ಕೆರೆದು ಹಾಕಿದರೆ ಆಯಿತು.

ಬಣ್ಣದ ವಿಚಾರದಲ್ಲಿ ಎಣ್ಣೆ ವಾರ್ನಿಶ್‌ಗಿಂತ ಮೇಲು. ವಾರ್ನಿಶ್ ಪದರ ಬಿಸಿಲಿಗೆ ಬಿರಿದು ಅದರ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ. ಎಣ್ಣೆ ಒಳಗಿಳಿಯುತ್ತದೆ, ಮುಂದಿನ ವರ್ಷ ಕೆರೆಯದೆ ಮತ್ತೆ ಹಚ್ಚಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ ಕರಾವಳಿಯಲ್ಲಿ ಹಿಂದಿನಿಂದ ಬಳಕೆಯಲ್ಲಿದೆ, ಮರ ಕಪ್ಪಾಗುತ್ತದೆ ಅನ್ನುವುದು ಬಿಟ್ಟರೆ ಒಳ್ಳೆಯದು. ಮೈಗೆ ತಾಗಿದರೆ ಸುಡುತ್ತದೆ, ಕೈಗವಸು ಬೇಕೇ ಬೇಕು. ಗಾಡಿಯ ಹಳೆ ಆಯಿಲ್ ಬಳಿಯುವುದು ಮಾತ್ರ ಬೇಡ. ಮಳೆಗೆ ಅದು ತೊಳೆದು ಹೋಗುವುದು ನಿಮ್ಮ ಹೂಗಿಡದ ಬುಡಕ್ಕೇ.

ಹಳೆ ತಂತಿಯನ್ನು ಒಂದೇ ಸಲ ಕತ್ತರಿಸಬೇಡಿ. ತಂತಿಯ ಎಳೆತಕ್ಕೆ ಒಗ್ಗಿದ ಮೂಲೆ ಕಂಬ ಒಮ್ಮೆಲೇ ಬಿಟ್ಟರೆ ಹಿಂದಕ್ಕೆ ವಾಲಬಹುದು, ಬಿಗಿ ತಂತಿ ಚಿಮ್ಮಿ ಮುಖಕ್ಕೂ ಬಡಿಯಬಹುದು. ದಪ್ಪ ಕೈಗವಸು ಹಾಕಿ, ಮೊದಲು ಸಡಿಲ ಮಾಡಿ, ಆಮೇಲೆ ಅಂಕಣ ಅಂಕಣವಾಗಿ ಬಿಚ್ಚಿ.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ಮರ ಒಣಗಿರುತ್ತದೆ, ಎಣ್ಣೆ ಚೆನ್ನಾಗಿ ಹೀರುತ್ತದೆ. ಆಗ ಹಾಕಿದ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಒಂದೆರಡು ಮಿಲಿಮೀಟರ್ ಊದುತ್ತದೆ, 1 ಇಂಚು ಸಂದಿಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಬೇಸಿಗೆ ಕಳೆಯುವ ಹೊತ್ತಿಗೆ ಮರ ಕುಗ್ಗಿ ನಟ್ ಸಡಿಲವಾಗಿರುತ್ತದೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಎಲ್ಲ ಕ್ಲಾಂಪಿನ ನಟ್ಟನ್ನೂ ಒಂದು ಸುತ್ತು ಬಿಗಿ ಮಾಡಿ. ಮರ ಜಜ್ಜಿಹೋಗುವಷ್ಟು ಬೇಡ. ಸ್ಪ್ರಿಂಗ್ ವಾಷರ್ ಚಪ್ಪಟೆಯಾದರೆ ಸಾಕು.

ಕೊನೆಗೆ ಗೇಟು. ಬಾಗಿಲು ತೂಗುವ ಕಡೆಗೆ ಈ ಕಂಬ ಬೇಡ. ಬೇಲಿಯ ಮೇಲಿನ ಗಾಳಿ ಒಮ್ಮೆ ಆಚೆ, ಒಮ್ಮೆ ಈಚೆ ತಳ್ಳುತ್ತದೆ. ಗೇಟು ಹಗಲೂ ರಾತ್ರಿ ಒಂದೇ ಕಡೆಗೆ ಎಳೆಯುತ್ತದೆ, ಮಕ್ಕಳು ಹತ್ತಿ ಜೋಕಾಲಿ ಆಡಿದರೆ ಆ ಎಳೆತ ಎರಡು-ಮೂರು ಪಟ್ಟಾಗುತ್ತದೆ. ಕಂಬದ ತಲೆ ಅರ್ಧ ಇಂಚು ವಾಲಿದರೂ ಚಿಲಕ ಕೂರುವುದಿಲ್ಲ. ಹಳೆ ಕಂಬದ ಪಕ್ಕದಲ್ಲೇ, ಅದಕ್ಕೆ ತಾಗದ ಹಾಗೆ, ಎರಡೂವರೆ ಇಂಚಿನ ಚೌಕದ ಜಿಐ (ಸತು ಲೇಪದ ಕಬ್ಬಿಣದ) ಪೈಪನ್ನು ಎರಡೂವರೆ ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ನಿಲ್ಲಿಸಿ, ತಲೆಗೆ ಮುಚ್ಚಳ ವೆಲ್ಡ್ ಮಾಡಿಸಿ. ತಿರುಗಣಿ ಅದಕ್ಕೆ. ಚಿಲಕ ಬೀಳುವ ಕಡೆ ಭಾರ ಇರುವುದಿಲ್ಲ, ಅಲ್ಲಿ ನಿಮ್ಮ ಹಳೆ ಕಂಬವೇ ಸಾಕು. ನಡುವಿನ ಎತ್ತರಕ್ಕೆ ಇನ್ನೊಂದು ಕ್ಲಾಂಪ್ ಹಾಕಿ, ಅದರ ಪಟ್ಟಿಗೆ ಒಂದು ಬಳೆ ವೆಲ್ಡ್ ಮಾಡಿಸಿದರೆ ಚಿಲಕ ಅದರಲ್ಲಿ ಕೂರುತ್ತದೆ.